ಪೆಟ್ಟಿಗೆ ಒಂದು ಕಡೆ, ಕೀಲಿಕೈ ಒಂದು ಕಡೆ

ಚಾಮರಾಜಪೇಟೆಯ ನಮ್ಮ ಹಳೆಯ ಮನೆಯ ದೇವರ ಗೂಡಿನಲ್ಲಿ, ಕುಂಕುಮದ ಭರಣಿಯ ಹಿಂದೆ, ಒಂದು ಹಿತ್ತಾಳೆ ಕೀಲಿಕೈ ಇತ್ತು. ಯಾವ ಬೀಗದ್ದು ಎಂದು ಚಿಕ್ಕಂದಿನಲ್ಲಿ ಕೇಳಿದರೆ ಅಜ್ಜಿ, "ಅದರ ಸುದ್ದಿ ಬೇಡ, ಮುಟ್ಟಬೇಡ" ಎನ್ನುತ್ತಿದ್ದರು. ಆಮೇಲೊಮ್ಮೆ ತಾತ ಮನೆಯಲ್ಲಿಲ್ಲದ ಹೊತ್ತು ನೋಡಿ ಸೋದರತ್ತೆ ಹೇಳಿದರು.

ನಮ್ಮ ಬೀದಿಯಲ್ಲಿ ಒಂದು ಭಜನಾ ಮಂಡಳಿ ಇತ್ತು. ಶನಿವಾರ ಸಂಜೆ ಭಜನೆ, ರಾಮನವಮಿಗೆ ಚಪ್ಪರ, ಪಾನಕ, ಕೋಸಂಬರಿ. ನಡೆಸುತ್ತಿದ್ದವರು ಒಬ್ಬ ಹಿರಿಯ ಮೇಷ್ಟ್ರು. ಅವರು ತೀರಿಕೊಂಡ ಮೇಲೆ, "ಇನ್ನು ಮುಂದೆ ನೀನೇ ನೋಡಿಕೊಳ್ಳಪ್ಪ ಅಂತ ಮೇಷ್ಟ್ರು ನನಗೆ ಹೇಳಿದ್ದರು" ಎಂದು ತಾತ ಹೇಳಿದರು. ಮಂಡಳಿಯ ಇನ್ನೊಬ್ಬ ಹಿರಿಯರೂ ಅದೇ ಮಾತನ್ನು ಹೇಳಿದರು. ಇಬ್ಬರೂ ಸುಳ್ಳಾಡುವವರಲ್ಲ. ಮೇಷ್ಟ್ರು ಇಬ್ಬರಿಗೂ ಹೇಳಿದ್ದಿರಬೇಕು. ಆಸ್ಪತ್ರೆಯ ಮಂಚದ ಮೇಲೆ ಮಲಗಿದವರು ಬಂದವರ ಕೈ ಹಿಡಿದು ಹಾಗೆ ಹೇಳುವುದು ಲೋಕದಲ್ಲಿ ಇದ್ದದ್ದೇ. ರಾಮನ ಪಟ, ತಾಳ, ಹಾಡಿನ ಪುಸ್ತಕ, ಚಂದಾ ರಸೀದಿ ಪುಸ್ತಕ ಎಲ್ಲ ತುಂಬಿದ್ದ ತಗಡಿನ ಟ್ರಂಕು ಆ ಹಿರಿಯರ ಮನೆಯಲ್ಲಿ ಉಳಿಯಿತು. ಕೀಲಿಕೈ ನಮ್ಮ ಮನೆಯಲ್ಲಿ ಉಳಿಯಿತು. ಮರುವರ್ಷದ ರಾಮನವಮಿಗೆ ಒಂದೇ ಬೀದಿಯಲ್ಲಿ ಎರಡು ಚಪ್ಪರ ಎದ್ದವು. ಅದರ ಮರುವರ್ಷ ತಾತ ತಮ್ಮ ಚಪ್ಪರವನ್ನು ನಿಲ್ಲಿಸಿಬಿಟ್ಟರು.

ಆಮೇಲೆ ತಾತ ಯಾವ ಭಜನೆಗೂ ಹೋಗಲಿಲ್ಲ. ಸಂಜೆ ಐದಕ್ಕೆ ಪಂಚೆ ಉಟ್ಟು, ಮೇಲೆ ಕೋಟು ತೊಟ್ಟು, ಉಮಾ ಟಾಕೀಸಿನ ಮುಂದೆ ಹಾದು, ಬುಲ್ ಟೆಂಪಲ್ ರಸ್ತೆ ಹಿಡಿದು, ರಾಮಕೃಷ್ಣ ಆಶ್ರಮ ದಾಟಿ ಬಸವನಗುಡಿಗೆ ನಡೆದುಹೋಗುತ್ತಿದ್ದರು. ಎಲ್ಲಿಗೆ ಎಂದರೆ "ವರ್ಲ್ಡ್ ಕಲ್ಚರ್‌ಗೆ". ಬಿ.ಪಿ. ವಾಡಿಯಾ ರಸ್ತೆಯಲ್ಲಿರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಎಂಬ ಉದ್ದ ಹೆಸರಿನ ಸಂಸ್ಥೆಯನ್ನು ಬಸವನಗುಡಿಯವರು ಕರೆಯುವುದು ಹಾಗೆಯೇ. ಅಲ್ಲಿ ಓದುವ ಮನೆ, ಪುಸ್ತಕ ಭಂಡಾರ, ಸಂಜೆ ಭಾಷಣ ಇಲ್ಲವೇ ಸಂಗೀತ. ತಾತ ಅಲ್ಲಿ ಪೇಪರು ಓದಿ, ಭಾಷಣ ಇದ್ದರೆ ಕೇಳಿ, ಕತ್ತಲಾದ ಮೇಲೆ ಮನೆಗೆ ಬರುತ್ತಿದ್ದರು. ಆ ಸಂಸ್ಥೆಯನ್ನು ಕಟ್ಟಿದವರ ಕತೆ ತಾತನಿಗೆ ಎಷ್ಟು ಗೊತ್ತಿತ್ತೋ ನಾನು ಕೇಳಲಿಲ್ಲ. ನನಗೆ ತಿಳಿದದ್ದು ತಾತ ಹೋದ ಎಷ್ಟೋ ವರ್ಷದ ಮೇಲೆ. ಗುರುವಿನ ಜಾಗ ಯಾರದು ಎಂಬ ಜಗಳದಿಂದ ಎದ್ದುಬಂದ ಒಬ್ಬ ಮನುಷ್ಯ ಕಟ್ಟಿದ ಮನೆಗೆ, ಅಂಥದ್ದೇ ಜಗಳದಲ್ಲಿ ನೊಂದ ತಾತ ಸಂಜೆ ಸಂಜೆ ಹೋಗಿ ಕೂತುಬರುತ್ತಿದ್ದರು.

*

ಬಹಮನ್ ಪೆಸ್ತೋನ್‌ಜಿ ವಾಡಿಯಾ 1881ರಲ್ಲಿ ಮುಂಬೈಯಲ್ಲಿ ಹುಟ್ಟಿದ ಪಾರ್ಸಿ. ಎಳೆಯ ವಯಸ್ಸಿನಲ್ಲೇ ಥಿಯಾಸಫಿಯ ಪುಸ್ತಕಗಳಿಗೆ ಮನಸೋತು, ಮದರಾಸಿನ ಅಡ್ಯಾರಿಗೆ ಬಂದು ಅನಿಬೆಸೆಂಟರ ಜೊತೆ ಕೆಲಸಕ್ಕೆ ನಿಂತವರು. ಥಿಯೊಸಾಫಿಕಲ್ ಸೊಸೈಟಿಯ ಪ್ರಕಾಶನ ಅವರ ಕೈಯಲ್ಲಿತ್ತು, ಬೆಸೆಂಟರ 'ನ್ಯೂ ಇಂಡಿಯಾ' ಪತ್ರಿಕೆಗೂ ದುಡಿದರು. ಹೋಂ ರೂಲ್ ಚಳವಳಿ ಬಿಸಿಯೇರಿದ್ದ 1917ರ ಜೂನಿನಲ್ಲಿ ಮದರಾಸು ಸರ್ಕಾರ ಮೂವರನ್ನು ಊಟಿಯಲ್ಲಿ ಬಂಧನದಲ್ಲಿಟ್ಟಿತು: ಬೆಸೆಂಟ್, ಜಾರ್ಜ್ ಅರುಂಡೇಲ್, ವಾಡಿಯಾ. ದೇಶವೆಲ್ಲ ಕೂಗೆದ್ದಿತು, ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು, ವರ್ಷದ ಕೊನೆಗೆ ಬೆಸೆಂಟ್ ಕಾಂಗ್ರೆಸ್ಸಿನ ಅಧ್ಯಕ್ಷೆಯಾದರು. ಮರುವರ್ಷ, 1918ರ ಏಪ್ರಿಲಿನಲ್ಲಿ, ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ಕೂಲಿಗಳನ್ನು ಒಟ್ಟುಗೂಡಿಸಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದವರಲ್ಲಿ ವಾಡಿಯಾ ಮುಂದಾಳು. ಈ ದೇಶದ ಮೊದಲ ಕ್ರಮಬದ್ಧ ಕಾರ್ಮಿಕ ಸಂಘಗಳಲ್ಲಿ ಅದೊಂದು. ಆ ಗಿರಣಿಗಳು ಬಿನ್ನಿಯವರವು. ನಮ್ಮ ಚಾಮರಾಜಪೇಟೆಯ ಪಕ್ಕದ ಬಿನ್ನಿಪೇಟೆಗೆ ಹೆಸರು ಕೊಟ್ಟ ಅದೇ ಬಿನ್ನಿ.

ಬೆಸೆಂಟರ ಬಲಗೈಯಂತಿದ್ದ, ಅವರ ಜೊತೆ ಸೆರೆಯಲ್ಲಿದ್ದ ಈ ಮನುಷ್ಯ 1922ರ ಜುಲೈ 18ರಂದು ಥಿಯೊಸಾಫಿಕಲ್ ಸೊಸೈಟಿಗೆ ರಾಜೀನಾಮೆ ಕೊಟ್ಟರು. ಯಾಕೆ ಕೊಟ್ಟರು ಎನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು.

ಸೊಸೈಟಿ ಹುಟ್ಟಿದ್ದು 1875ರಲ್ಲಿ ನ್ಯೂಯಾರ್ಕಿನಲ್ಲಿ. ಕಟ್ಟಿದವರಲ್ಲಿ ಮುಖ್ಯರು ಮೂವರು: ರಷ್ಯದ ಮೇಡಂ ಬ್ಲಾವಟ್ಸ್‌ಕಿ, ಅಮೆರಿಕದ ಕರ್ನಲ್ ಆಲ್ಕಾಟ್, ಐರ್ಲೆಂಡಿನಿಂದ ಅಮೆರಿಕಕ್ಕೆ ಹೋಗಿದ್ದ ವಕೀಲ ವಿಲಿಯಂ ಕ್ವಾನ್ ಜಡ್ಜ್. ತಮ್ಮ ಹಿಂದೆ ಹಿಮಾಲಯದಾಚೆಯ ಮಹಾತ್ಮರಿದ್ದಾರೆ, ಅವರಿಂದ ತಮಗೆ ಪತ್ರಗಳು ಬರುತ್ತವೆ ಎಂದು ಬ್ಲಾವಟ್ಸ್‌ಕಿ ಹೇಳುತ್ತಿದ್ದರು. ಆಕೆ ಬದುಕಿರುವಷ್ಟು ದಿನ, ನಂಬುವವರು ನಂಬಿದರು, ನಂಬದವರು ಬಿಟ್ಟರು. 1891ರಲ್ಲಿ ಆಕೆ ತೀರಿಕೊಂಡರು. ಕಷ್ಟ ಶುರುವಾದದ್ದು ಆಗ. ಮಹಾತ್ಮರ ಪತ್ರ ಇನ್ನು ಯಾರ ಕೈಗೆ ಬರುತ್ತದೆ? ತಮಗೆ ಬರುತ್ತಿದೆ ಎಂದು ಜಡ್ಜ್ ಹೇಳಿದರು. ಮೊದಲು ಒಪ್ಪಿದ್ದ ಬೆಸೆಂಟ್ ಆಮೇಲೆ ಅವರ ಮೇಲೆಯೇ ಆರೋಪ ಹೊರಿಸಿದರು: ಪತ್ರಗಳನ್ನು ಜಡ್ಜ್ ತಾವೇ ಬರೆದು ಮಹಾತ್ಮರ ಹೆಸರು ಹಾಕಿದ್ದಾರೆ ಎಂದು. 1894ರ ಜುಲೈನಲ್ಲಿ ಲಂಡನ್ನಿನಲ್ಲಿ ವಿಚಾರಣಾ ಸಮಿತಿ ಕೂತಿತು. ಸಮಿತಿ ತೀರ್ಪನ್ನೇ ಕೊಡಲಿಲ್ಲ. ಪತ್ರ ನಿಜವೋ ಸುಳ್ಳೋ ಎಂದು ಹೇಳಬೇಕಾದರೆ ಮಹಾತ್ಮರು ಇದ್ದಾರೋ ಇಲ್ಲವೋ ಎಂದು ಹೇಳಬೇಕಾಗುತ್ತದೆ. ಯಾವ ಮತವನ್ನೂ ಸದಸ್ಯರ ಮೇಲೆ ಹೇರುವುದಿಲ್ಲ ಎಂಬ ನಿಯಮದ ಸೊಸೈಟಿ ಅದನ್ನು ಹೇಳುವಂತಿಲ್ಲ ಎಂದು ಕೈಬಿಟ್ಟಿತು. ಮರುವರ್ಷ ಅಮೆರಿಕದ ಶಾಖೆಗಳ ಬಹುಪಾಲು ಜಡ್ಜ್ ಹಿಂದೆ ಹೊರಟುಹೋದವು. 1896ರಲ್ಲಿ ಜಡ್ಜ್ ತೀರಿಕೊಂಡರು.

ಆಮೇಲೆ 1907. ಅಡ್ಯಾರಿನಲ್ಲಿ ಆಲ್ಕಾಟ್ ಹಾಸಿಗೆ ಹಿಡಿದಿದ್ದರು. ಮಹಾತ್ಮರು ತಮ್ಮ ಮಂಚದ ಬಳಿ ಕಾಣಿಸಿಕೊಂಡು ಬೆಸೆಂಟರನ್ನು ಉತ್ತರಾಧಿಕಾರಿಯೆಂದು ಸೂಚಿಸಲು ಹೇಳಿದರು ಎಂದು ಅವರು ಪ್ರಕಟಿಸಿದರು. ಹಲವರು ತಕರಾರು ತೆಗೆದರು, ಆದರೂ ಚುನಾವಣೆ ನಡೆದು ಬೆಸೆಂಟ್ ಗೆದ್ದರು. 1933ರಲ್ಲಿ ತೀರಿಕೊಳ್ಳುವವರೆಗೂ ಅಧ್ಯಕ್ಷೆಯಾಗಿದ್ದರು. ಅವರು ಗೆದ್ದ ಎರಡು ವರ್ಷದಲ್ಲಿ, ಅವರ ಜೊತೆಗಾರ ಲೆಡ್‌ಬೀಟರ್ ಅಡ್ಯಾರಿನ ಸಮುದ್ರ ದಂಡೆಯಲ್ಲಿ ಮದನಪಲ್ಲಿ ಕಡೆಯ ಹುಡುಗನೊಬ್ಬನನ್ನು ಕಂಡು, ಬರಲಿರುವ ಜಗದ್ಗುರುವಿಗೆ ದೇಹವಾಗುವವನು ಇವನೇ ಎಂದರು. ಆ ಹುಡುಗ ಜಿಡ್ಡು ಕೃಷ್ಣಮೂರ್ತಿ. ಇದನ್ನು ಒಪ್ಪದ ರುಡಾಲ್ಫ್ ಸ್ಟೈನರ್ ಜರ್ಮನಿಯ ಶಾಖೆಯ ದೊಡ್ಡ ಭಾಗದೊಂದಿಗೆ ಹೊರಬಿದ್ದರು.

ಒಂದೊಂದು ಸಲವೂ ಜಗಳದ ಮೂಲದಲ್ಲಿದ್ದದ್ದು ಒಂದೇ ಮಾತು: ಮೇಲಿನವರು ನನ್ನ ಕಿವಿಯಲ್ಲಿ ಹೇಳಿದ್ದಾರೆ. ಮೇಷ್ಟ್ರು ನನಗೆ ಹೇಳಿದ್ದರು ಎನ್ನುವುದಕ್ಕೂ ಇದಕ್ಕೂ ಎಷ್ಟು ದೂರ? ಹೇಳಿದವರು ಎದುರಿಗಿಲ್ಲ. ಕೇಳಿಸಿಕೊಂಡವರು ಒಬ್ಬರೇ. ಉಳಿದವರು ನಂಬಬೇಕು, ಇಲ್ಲ ಎದ್ದುಹೋಗಬೇಕು.

ವಾಡಿಯಾ ಎದ್ದುಹೋದರು. ಸುಮ್ಮನೆ ಹೋಗಲಿಲ್ಲ; ಸೊಸೈಟಿಯ ಸದಸ್ಯರಿಗೆಲ್ಲ ದೀರ್ಘ ಹೇಳಿಕೆಯೊಂದನ್ನು ಬರೆದು ಹೋದರು. ಮೂಲದ ತತ್ತ್ವವನ್ನು ಓದಿ ವಿಚಾರ ಮಾಡುವ ಸಂಘ ಈಗ ಮುಂದಾಳುಗಳ ಮೇಲಿನ ನಂಬಿಕೆಯ ಪಂಥವಾಗಿದೆ ಎಂಬುದು ಅದರ ತಿರುಳು. ಅದನ್ನು ಬರೆದಾಗ ಅವರಿಗೆ ನಲವತ್ತು ದಾಟಿತ್ತು. ಹದಿನೆಂಟು ವರ್ಷದ ಒಡನಾಟ, ಒಟ್ಟಿಗೆ ಸೆರೆವಾಸ, ತಾಯಿಯಂತಿದ್ದ ಹಿರಿಯಾಕೆ, ಅಡ್ಯಾರಿನ ಆಲದ ಮರದ ನೆರಳು. ಇಷ್ಟನ್ನೂ ಬಿಟ್ಟು ಹೊರಡುವುದು ಹುಡುಗಾಟವಲ್ಲ. ಅವರಿಗೆ ಅಡ್ಯಾರಿನಲ್ಲಿ ತಮ್ಮದೇ ಒಂದು ಗುಂಪು ಕಟ್ಟಿಕೊಳ್ಳುವ ಶಕ್ತಿಯಿತ್ತು; ಗಿರಣಿ ಕೂಲಿಗಳನ್ನು ಕಟ್ಟಿದ ಮನುಷ್ಯ. ಹಾಗೆ ಮಾಡದೆ ಬರಿಗೈಯಲ್ಲಿ ಹೊರಟರು ಎನ್ನುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅವರು ಸೇರಿದ್ದು ಯುನೈಟೆಡ್ ಲಾಡ್ಜ್ ಆಫ್ ಥಿಯೊಸಾಫಿಸ್ಟ್ಸ್ ಎಂಬ ಕೂಟವನ್ನು. 1909ರಲ್ಲಿ ಲಾಸ್ ಏಂಜಲೀಸಿನಲ್ಲಿ ರಾಬರ್ಟ್ ಕ್ರಾಸ್ಬಿ ಎಂಬವರು ಶುರುಮಾಡಿದ್ದು. ಅದಕ್ಕೆ ಅಧ್ಯಕ್ಷರಿಲ್ಲ, ಪದಾಧಿಕಾರಿಗಳಿಲ್ಲ, ಬೈಲಾ ಇಲ್ಲ. ಒಂದು ಪುಟದ ಘೋಷಣೆಯಿದೆ. ಒಪ್ಪಿದವರು ರುಜು ಹಾಕಿ ಸಹವರ್ತಿಗಳಾಗುತ್ತಾರೆ. ಅಲ್ಲಿಯ ಬರಹಗಳಿಗೆ ಬರೆದವರ ಹೆಸರು ಹಾಕುವುದಿಲ್ಲ, ವೇದಿಕೆಯಲ್ಲಿ ಮಾತಾಡುವವರನ್ನು ಹೆಸರು ಹೇಳಿ ಹೊಗಳುವುದಿಲ್ಲ. ಇಂಥವರು ಹೇಳಿದರು ಎಂಬ ಕಾರಣಕ್ಕೆ ಮಾತು ತೂಗಬಾರದು ಎಂದು.

ಅತ್ತ ಅಡ್ಯಾರಿನ ಕತೆಯೂ ಒಂದು ತಿರುವಿಗೆ ಬಂತು. 1929ರ ಆಗಸ್ಟ್ 3ರಂದು ಹಾಲೆಂಡಿನ ಓಮೆನ್ನಿನಲ್ಲಿ, ತನಗಾಗಿಯೇ ಕಟ್ಟಿದ್ದ 'ಆರ್ಡರ್ ಆಫ್ ದಿ ಸ್ಟಾರ್' ಸಂಘವನ್ನು ಕೃಷ್ಣಮೂರ್ತಿಯವರು ಬೆಸೆಂಟರ ಎದುರಿಗೇ ವಿಸರ್ಜಿಸಿದರು. ಬಂದಿದ್ದ ಆಸ್ತಿಯನ್ನು ಕೊಟ್ಟವರಿಗೆ ಹಿಂತಿರುಗಿಸಿದರು. ಜಗದ್ಗುರುವಿನ ಪೀಠವನ್ನು ತಾವೇ ಬೇಡವೆಂದರು. ಅದೇ ವರ್ಷ ವಾಡಿಯಾ ಅಮೆರಿಕ, ಯುರೋಪಿನ ಕೆಲಸ ಮುಗಿಸಿ ಪತ್ನಿ ಸೋಫಿಯಾ ಅವರೊಡನೆ ಮುಂಬೈಗೆ ಮರಳಿದರು.

*

ಮುಂಬೈಯಲ್ಲಿ 'ದಿ ಆರ್ಯನ್ ಪಾಥ್' ಎಂಬ ಪತ್ರಿಕೆ 1930ರಲ್ಲಿ ಹೊರಟಿತು. ಬೆಂಗಳೂರಿನ ಕೆಲಸ ಬೆಳೆದದ್ದು ಆಮೇಲೆ. 1945ರ ಆಗಸ್ಟ್‌ನಲ್ಲಿ, ಯುದ್ಧ ಮುಗಿಯುತ್ತಿದ್ದ ವಾರಗಳಲ್ಲಿ, ಬಸವನಗುಡಿಯಲ್ಲಿ ವರ್ಲ್ಡ್ ಕಲ್ಚರ್ ಸಂಸ್ಥೆ ಶುರುವಾಯಿತು. ಅದೇ ವರ್ಷ, ಅದೇ ಬಸವನಗುಡಿಯ ಮಗ್ಗುಲಲ್ಲಿ ಡಿ.ವಿ.ಜಿ.ಯವರ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ. ಒಂದು ಬಡಾವಣೆಗೆ ಒಂದೇ ವರ್ಷದಲ್ಲಿ ಇಂಥ ಎರಡು ಮನೆಗಳು ಬಂದವು ಎನ್ನುವುದನ್ನು ನೆನೆದರೆ ನನಗೆ ಇವತ್ತಿಗೂ ಹಿಗ್ಗಾಗುತ್ತದೆ. ಎರಡೂ ಕಡೆ ಮುಖ್ಯ ಜಾಗ ಓದುವ ಮೇಜು.

ವರ್ಲ್ಡ್ ಕಲ್ಚರ್ ಎಲ್ಲರಿಗೂ ತೆರೆದ ಸಂಸ್ಥೆ. ಥಿಯಾಸಫಿಯ ಅಧ್ಯಯನ ನಡೆಯುವ ಲಾಡ್ಜ್ ಬೇರೆ, ಅದು ಲಾಲ್‌ಬಾಗ್ ಪಶ್ಚಿಮ ದ್ವಾರದ ಹತ್ತಿರದ ಮೈತ್ರಿ ಭವನದಲ್ಲಿದೆ. ಹೀಗೆ ಎರಡನ್ನೂ ಬೇರೆ ಮಾಡಿ ಇಟ್ಟದ್ದರಲ್ಲೇ ವಾಡಿಯಾ ಅವರ ವಿವೇಕ ಕಾಣುತ್ತದೆ. ಪುಸ್ತಕ ಬೇಕೆಂದು ಬಂದವರು ಯಾವ ಗುರುವಿನ ಕಡೆಯವರು ಎಂದು ಕೇಳುವ ಹಾಗಿಲ್ಲ. ಇನ್ನೊಂದು ಸಂಗತಿ. ಬೆಂಗಳೂರಿನಲ್ಲಿ ಈ ಬಳಗದವರು ನಡೆಸಿದ ವಿದ್ಯಾರ್ಥಿನಿಲಯಕ್ಕೂ ಮುದ್ರಣಾಲಯಕ್ಕೂ ಇಟ್ಟ ಹೆಸರು ವಿಲಿಯಂ ಕ್ವಾನ್ ಜಡ್ಜ್ ಅವರದು. 1894ರಲ್ಲಿ ಲಂಡನ್ನಿನಲ್ಲಿ ಆರೋಪ ಹೊತ್ತು ನಿಂತಿದ್ದ ಅದೇ ಜಡ್ಜ್. ಹಳೆಯ ಇಂಗ್ಲಿಷ್ ಪುಸ್ತಕಗಳ ಕೊನೆಯ ಪುಟದಲ್ಲಿ 'ಡಬ್ಲ್ಯೂ.ಕ್ಯೂ. ಜಡ್ಜ್ ಪ್ರೆಸ್, ಬೆಂಗಳೂರು' ಎಂದು ಸಣ್ಣ ಅಕ್ಷರದಲ್ಲಿ ಇರುವುದನ್ನು ಎಷ್ಟೋ ಸಲ ನೋಡಿದ್ದೆ. ಯಾರೋ ನ್ಯಾಯಾಧೀಶರ ಪ್ರೆಸ್ಸು ಎಂದುಕೊಂಡಿದ್ದೆ. ಒಂದು ಧಾರ್ಮಿಕ ಸಂಘದ ಅಧಿಕಾರದ ಹೋರಾಟದಲ್ಲಿ ಸೋತವರ ಹೆಸರು ಏಳು ಸಮುದ್ರ ದಾಟಿ ನಮ್ಮೂರಿನ ಅಚ್ಚುಮೊಳೆಗಳಲ್ಲಿ ಉಳಿದಿತ್ತು.

ವಾಡಿಯಾ ಅವರ ದಾರಿಗೂ ಬೆಲೆ ತೆರಬೇಕಾಯಿತು ಎನ್ನುವುದನ್ನು ಬರೆಯದೆ ಬಿಟ್ಟರೆ ತಪ್ಪಾಗುತ್ತದೆ. ಮುಂದಾಳು ಇಲ್ಲದ ಕೂಟ ದೊಡ್ಡದಾಗಿ ಬೆಳೆಯಲಿಲ್ಲ. ಭಾನುವಾರ ಸಂಜೆ ಹತ್ತಿಪ್ಪತ್ತು ಜನ ಕೂತು ಓದುವ ಬಳಗವಾಗಿಯೇ ಲಾಡ್ಜುಗಳು ಉಳಿದವು. ಪದವಿ ಇಲ್ಲವೆಂದ ಮಾತ್ರಕ್ಕೆ ಮಾತಿನ ತೂಕ ಎಲ್ಲರಿಗೂ ಸಮ ಎಂದೂ ಅಲ್ಲ. ವಾಡಿಯಾ ಬದುಕಿರುವಷ್ಟು ದಿನ ಅವರ ಮಾತಿಗೆ ಉಳಿದವರಿಗಿಂತ ಹೆಚ್ಚು ಬೆಲೆಯಿತ್ತು. ಬರಹಕ್ಕೆ ಹೆಸರು ಹಾಕದ ಕೂಟದ ಮನುಷ್ಯ 1958ರಲ್ಲಿ ತೀರಿಕೊಂಡ ಮೇಲೆ ರಸ್ತೆಗೇ ಅವರ ಹೆಸರು ಬಂತು. ಊರಿನವರಿಗೆ ಅವರ ಮೇಲಿದ್ದ ಪ್ರೀತಿ ಅದು. ಆದರೂ ಒಂದು ಲೆಕ್ಕದಲ್ಲಿ ಅವರು ಗೆದ್ದಿದ್ದಾರೆ. ಅವರ ಬಳಿಕ ಈ ರಸ್ತೆಯಲ್ಲಿ ಎರಡು ಚಪ್ಪರ ಏಳಲಿಲ್ಲ.

*

ಮಲ್ಲೇಶ್ವರದಿಂದ ಪಶ್ಚಿಮಕ್ಕೆ ಸ್ವಲ್ಪ ಹೋದರೆ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಗುಡ್ಡ. ಅಲ್ಲಿ 1997ರಲ್ಲಿ ರಾಷ್ಟ್ರಪತಿ ಶಂಕರ ದಯಾಳ್ ಶರ್ಮಾ ಉದ್ಘಾಟಿಸಿದ ಇಸ್ಕಾನ್ ದೇವಸ್ಥಾನ. ಮಲ್ಲೇಶ್ವರದ ನಮ್ಮ ನೆಂಟರ ಮನೆಯಲ್ಲಿ ಯಾರಿಗಾದರೂ ಊರು ತೋರಿಸಬೇಕೆಂದರೆ ಮೊದಲು ಅಲ್ಲಿಗೆ ಕರೆದೊಯ್ಯುತ್ತಾರೆ. ಜನ ಮೆಟ್ಟಿಲು ಹತ್ತುತ್ತಾರೆ, ಆರತಿ ನೋಡುತ್ತಾರೆ, ಪ್ರಸಾದದ ದೊನ್ನೆ ಹಿಡಿದು ಇಳಿಯುತ್ತಾರೆ. ಆ ಗುಡ್ಡ ಯಾರದು ಎಂಬ ವ್ಯಾಜ್ಯ ಕಾಲು ಶತಮಾನ ನ್ಯಾಯಾಲಯದಲ್ಲಿತ್ತು ಎಂಬುದು ದೊನ್ನೆ ಹಿಡಿದವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಅಲ್ಲೂ ಬೇರಿನಲ್ಲಿರುವುದು ಒಂದು ಕಾಗದ. ಭಕ್ತಿವೇದಾಂತ ಸ್ವಾಮಿ ಪ್ರಭುಪಾದರು 1966ರಲ್ಲಿ ನ್ಯೂಯಾರ್ಕಿನಲ್ಲಿ ಇಸ್ಕಾನ್ ಸಂಸ್ಥೆ ಕಟ್ಟಿದವರು. 1977ರ ನವೆಂಬರ್ 14ರಂದು ವೃಂದಾವನದಲ್ಲಿ ತೀರಿಕೊಂಡರು. ಅದಕ್ಕೆ ನಾಲ್ಕು ತಿಂಗಳು ಮುಂಚೆ, ಜುಲೈ 9ರಂದು, ಅವರ ಒಪ್ಪಿಗೆಯ ರುಜುವಿನೊಂದಿಗೆ ಎಲ್ಲ ದೇವಾಲಯಗಳಿಗೆ ಒಂದು ಪತ್ರ ಹೋಯಿತು. ಹೊಸಬರಿಗೆ ದೀಕ್ಷೆ ಕೊಡುವ ಕೆಲಸವನ್ನು ಅವರ ಪರವಾಗಿ ಹನ್ನೊಂದು ಹಿರಿಯ ಶಿಷ್ಯರು ಋತ್ವಿಜರಾಗಿ ಮಾಡಬೇಕು. ದೀಕ್ಷೆ ಪಡೆದವರು ಪ್ರಭುಪಾದರ ಶಿಷ್ಯರು. ಆ ಇಂಗ್ಲಿಷ್ ಪತ್ರದಲ್ಲಿ ಒಂದು ಪದವಿದೆ, 'ಇನ್ನು ಮುಂದೆ' ಎಂಬ ಅರ್ಥದ್ದು. ಇನ್ನು ಮುಂದೆ ಎಂದರೆ ಎಲ್ಲಿಯವರೆಗೆ? ಗುರು ಬದುಕಿರುವವರೆಗೆ ಎಂದರು ಒಬ್ಬರು. ಗುರು ಹೋದ ಮೇಲೂ, ಸಂಸ್ಥೆ ಇರುವಷ್ಟು ಕಾಲವೂ ಎಂದರು ಇನ್ನೊಬ್ಬರು.

ಪ್ರಭುಪಾದರ ನಂತರ ಆ ಹನ್ನೊಂದು ಮಂದಿ ತಾವೇ ಗುರುಗಳಾದರು, ಲೋಕವನ್ನು ವಲಯಗಳಾಗಿ ಹಂಚಿಕೊಂಡರು. ಹತ್ತು ವರ್ಷದಲ್ಲಿ ಅವರಲ್ಲಿ ಹಲವರು ಆ ಸ್ಥಾನ ಕಳೆದುಕೊಂಡರು, ವಲಯದ ಪದ್ಧತಿಯನ್ನು ಸಂಸ್ಥೆಯೇ ಕೈಬಿಟ್ಟಿತು. ಆದರೆ ಹೊಸ ಗುರುಗಳು ಆಗುತ್ತಲೇ ಬಂದರು. ಮಧು ಪಂಡಿತ ದಾಸರ ಮುಂದಾಳ್ತನದ ಬೆಂಗಳೂರಿನವರು, ಪ್ರಭುಪಾದರ ಹೊರತು ಇನ್ನೊಬ್ಬ ದೀಕ್ಷಾಗುರು ಇಲ್ಲ, ಉಳಿದವರೆಲ್ಲ ಋತ್ವಿಜರು ಎಂದು ನಿಂತರು. ಮುಂಬೈಯ ಇಸ್ಕಾನಿನವರೂ ಸಂಸ್ಥೆಯ ಆಡಳಿತ ಮಂಡಳಿಯವರೂ ಗುರುಪರಂಪರೆ ಮುಂದುವರಿಯಬೇಕು ಎಂದು ನಿಂತರು.

ನ್ಯಾಯಾಲಯದ ಮುಂದೆ ಹೋದದ್ದು ಮಾತ್ರ ಬೇರೆಯೇ ಪ್ರಶ್ನೆ. ಪ್ರಭುಪಾದರ ಕಾಲದಲ್ಲಿ ಮುಂಬೈಯಲ್ಲಿ ನೋಂದಾಯಿಸಿದ ಒಂದು ಸೊಸೈಟಿ ಇದೆ. ಬೆಂಗಳೂರಿನಲ್ಲಿ 1978ರಲ್ಲಿ ಕರ್ನಾಟಕದ ಕಾಯಿದೆಯ ಕೆಳಗೆ ನೋಂದಾಯಿಸಿದ ಅದೇ ಹೆಸರಿನ ಸೊಸೈಟಿ ಇದೆ. 1988ರಲ್ಲಿ ಬಿಡಿಎ ಗುಡ್ಡದ ಜಾಗ ಕೊಟ್ಟದ್ದು ಇವೆರಡರಲ್ಲಿ ಯಾವುದಕ್ಕೆ? 2001ರಲ್ಲಿ ದಾವೆ ಹೂಡಲಾಯಿತು. 2009ರಲ್ಲಿ ಸಿವಿಲ್ ನ್ಯಾಯಾಲಯ ಬೆಂಗಳೂರಿನದ್ದು ಎಂದಿತು. 2011ರಲ್ಲಿ ಹೈಕೋರ್ಟ್ ಮುಂಬೈಯದ್ದು ಎಂದಿತು. 2025ರ ಮೇ 16ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಮತ್ತು ಅಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಮತ್ತೆ ಬೆಂಗಳೂರಿನದ್ದು ಎಂದಿತು. ಮುಂಬೈಯವರು ಮರುಪರಿಶೀಲನೆ ಕೋರಿದರು.

ತೀರ್ಪು ಹೇಳುವುದು ಆಸ್ತಿಯ ಮಾತು. 'ಇನ್ನು ಮುಂದೆ' ಎಂದರೆ ಎಲ್ಲಿಯವರೆಗೆ ಎಂಬುದನ್ನು ಯಾವ ಕೋರ್ಟೂ ಹೇಳಲಾರದು, ಹೇಳಬಾರದು ಕೂಡ. 1894ರ ಲಂಡನ್ ಸಮಿತಿ ಎಡವಿ ನಿಂತ ಹೊಸ್ತಿಲು ಇದೇ. ನನಗೆ ಅನ್ನಿಸುವುದು ಇಷ್ಟು: ಎರಡೂ ಕಡೆಯ ಭಕ್ತರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅದೇ ಜಪ ಮಾಡುತ್ತಾರೆ, ಅದೇ ಗುರುವಿನ ಪಟಕ್ಕೆ ಹೂವಿಡುತ್ತಾರೆ. ಮದುವೆ, ಮನೆ, ನೌಕರಿ ಬಿಟ್ಟು ಬಂದ ಹುಡುಗರು ಕೋರ್ಟಿನ ಕಾರಿಡಾರಿನಲ್ಲಿ ಕಡತ ಹಿಡಿದು ಕೂರುತ್ತ ನಡುವಯಸ್ಸಿಗೆ ಬಂದರು. ಗುಡ್ಡ ಒಂದು ಕಡೆಗೆ ದಕ್ಕಬಹುದು. ಆ ವರ್ಷಗಳು ಎರಡೂ ಕಡೆಗೂ ದಕ್ಕುವುದಿಲ್ಲ.

*

ಬಸವನಗುಡಿಗೆ ಮರಳಿದರೆ, ಇಲ್ಲಿ ಮಠಗಳಿಗೆ ಕೊರತೆಯಿಲ್ಲ. ಶಂಕರಪುರದ ಶಂಕರ ಮಠ, ಉತ್ತರಾದಿ ಮಠ, ರಾಯರ ಮಠಗಳು, ಕತ್ತರಿಗುಪ್ಪೆಯ ಪೂರ್ಣಪ್ರಜ್ಞ ವಿದ್ಯಾಪೀಠ. 2019ರ ಡಿಸೆಂಬರಿನಲ್ಲಿ ಪೇಜಾವರದ ವಿಶ್ವೇಶತೀರ್ಥರ ಬೃಂದಾವನವಾದದ್ದು ಆ ವಿದ್ಯಾಪೀಠದ ಅಂಗಳದಲ್ಲೇ. ಉಡುಪಿಯ ಸುದ್ದಿ ಗಾಂಧಿ ಬಜಾರಿನ ಹೂವಿನಂಗಡಿಯವರೆಗೂ ಅದೇ ದಿನ ಬರುತ್ತದೆ.

ಪೀಠದ ಜಗಳವನ್ನು ಮೊದಲೇ ಯೋಚಿಸಿ ಕಟ್ಟಿದ ಏರ್ಪಾಡು ಎಂದರೆ ನನ್ನ ಮಟ್ಟಿಗೆ ಉಡುಪಿಯ ಪರ್ಯಾಯ. ಎಂಟು ಮಠ, ಒಂದೇ ಕೃಷ್ಣ. ಮೊದಲು ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಪೂಜೆಯ ಸರದಿಯನ್ನು ಸೋದೆಯ ವಾದಿರಾಜರು 16ನೆಯ ಶತಮಾನದಲ್ಲಿ ಎರಡು ವರ್ಷಕ್ಕೆ ಏರಿಸಿದರು ಎನ್ನುತ್ತದೆ ಪರಂಪರೆ. ಹದಿನಾರು ವರ್ಷಕ್ಕೆ ಒಂದು ಸುತ್ತು. ಪರ್ಯಾಯದ ದಿನ ಬೆಳಗಿನ ಜಾವ ಇಳಿಯುವ ಸ್ವಾಮಿಗಳು ಏರುವ ಸ್ವಾಮಿಗಳ ಕೈಗೆ ಅಕ್ಷಯ ಪಾತ್ರೆ, ಸಟ್ಟುಗ, ಕೀಲಿಕೈ ಕೊಡುತ್ತಾರೆ. ಅಧಿಕಾರ ಎಂದರೆ ಅಲ್ಲಿ ಬಡಿಸುವ ಸೌಟು ಮತ್ತು ಬಾಗಿಲ ಕೀಲಿ. ಎರಡು ವರ್ಷವಾದ ಮೇಲೆ ಎರಡನ್ನೂ ನಗುಮುಖದಿಂದ ಕೊಟ್ಟು ಎದ್ದೇಳಬೇಕು. ಟಿವಿಯಲ್ಲಿ ಆ ದೃಶ್ಯ ಬಂದಾಗಲೆಲ್ಲ ನಮ್ಮ ದೇವರ ಗೂಡಿನ ಕೀಲಿಕೈ ನೆನಪಾಗುತ್ತಿತ್ತು.

ಅಷ್ಟು ಯೋಚಿಸಿ ಕಟ್ಟಿದ್ದರಲ್ಲೂ ಜಗಳ ಬಂದೇ ಬಂತು. ಬಸವನಗುಡಿಯಲ್ಲಿ ಶಾಖೆಯುಳ್ಳ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಗಳಿಗೆ ಹೋಗಿ ಬಂದವರು. ಸಮುದ್ರ ದಾಟಿದ ಯತಿ ಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ಪ್ರಶ್ನೆ 2008ರ ಪರ್ಯಾಯದಲ್ಲಿ ಎದ್ದಿತು, 2024ರಲ್ಲಿ ಮತ್ತೆ ಎದ್ದಿತು. ಆದರೂ ಸರದಿ ಮುರಿಯಲಿಲ್ಲ. ಇನ್ನೊಂದು ಏರ್ಪಾಡು ದ್ವಂದ್ವ ಮಠದ್ದು. ಎಂಟು ಮಠಗಳು ಎರಡೆರಡಾಗಿ ಜೋಡಿ. ಒಂದು ಮಠದ ಯತಿ ಶಿಷ್ಯನನ್ನು ಮಾಡಿಕೊಳ್ಳದೆ ತೀರಿಕೊಂಡರೆ ಜೋಡಿ ಮಠದವರು ಪೀಠಕ್ಕೆ ಹೊಸಬರನ್ನು ತರಬೇಕು. 2018ರ ಜುಲೈನಲ್ಲಿ ಶಿರೂರು ಮಠದ ಲಕ್ಷ್ಮೀವರ ತೀರ್ಥರು ಹಾಗೆ ತೀರಿಕೊಂಡಾಗ ಜೋಡಿ ಮಠವಾದ ಸೋದೆ 2021ರಲ್ಲಿ ವೇದವರ್ಧನ ತೀರ್ಥರಿಗೆ ಸನ್ಯಾಸ ಕೊಡಿಸಿತು. ಹದಿನಾರರ ಹುಡುಗ ಪೀಠವೇರಬಹುದೇ ಎಂದು ಹೈಕೋರ್ಟಿಗೆ ಅರ್ಜಿ ಹೋಯಿತು; ಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. 2026ರ ಜನವರಿಯಲ್ಲಿ ಶಿರೂರಿನ ಸರದಿ ಬಂದಿತು. ಇದೇ ಶಿರೂರು ಮಠದ ಹೆಸರು ಕಾನೂನು ಓದುವ ಹುಡುಗರಿಗೆಲ್ಲ ಬಾಯಿಪಾಠ: ಮಠದ ಆಡಳಿತದಲ್ಲಿ ಸರ್ಕಾರ ಎಷ್ಟು ಕೈಹಾಕಬಹುದು, ಧರ್ಮದ ಅವಶ್ಯ ಭಾಗ ಯಾವುದು ಎಂದು ಸುಪ್ರೀಂ ಕೋರ್ಟ್ ಮೊದಲ ಬಾರಿಗೆ ಬಿಡಿಸಿ ಹೇಳಿದ 1954ರ ತೀರ್ಪು ಆ ಮಠದ ಹೆಸರಿನಲ್ಲಿದೆ.

ಜಗಳ ಬರದಂತೆ ಮಾಡುವ ಉಪಾಯ ಯಾರಿಗೂ ಸಿಕ್ಕಿಲ್ಲ. ಜಗಳ ಬಂದಾಗಲೂ ಎರಡು ವರ್ಷಕ್ಕೊಮ್ಮೆ ಕೀಲಿಕೈ ಕೈ ಬದಲಾಗುವಂತೆ ಮಾಡಿದ್ದಾರೆ, ಅದೇ ಉಡುಪಿಯ ಹಿರಿಮೆ. ಕೀಲಿಕೈಯೇ ಇಲ್ಲದ ಮನೆ ಕಟ್ಟಲು ನೋಡಿದರು, ಅದು ವಾಡಿಯಾ ಅವರ ಹಿರಿಮೆ. ನನ್ನ ತಾತನಿಗೂ ಅವರ ಎದುರಾಳಿಗೂ ಈ ಎರಡರಲ್ಲಿ ಒಂದೂ ಹೊಳೆಯಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ. ಅವರಿಬ್ಬರೂ ಬಾಲ್ಯದಿಂದ ಒಂದೇ ಚಾಪೆಯ ಮೇಲೆ ಕೂತು ತಾಳ ಹಾಕಿದವರು. ಆ ಹಿರಿಯರು ಹೋದ ದಿನ ತಾತ ಕಟ್ಟೆಯ ಮೇಲೆ ಕೂತು ಚಟ್ಟ ಬೀದಿ ದಾಟುವವರೆಗೂ ನೋಡುತ್ತಿದ್ದರು. ಎದ್ದು ಹೋಗಲಿಲ್ಲ. ಆ ಸಂಜೆ ವರ್ಲ್ಡ್ ಕಲ್ಚರ್‌ಗೂ ಹೋಗಲಿಲ್ಲ.

*

ಕಳೆದ ರಾಮನವಮಿಗೆ ವಾರ ಮುಂಚೆ ಆ ಹಿರಿಯರ ಮೊಮ್ಮಗನ ಫೋನ್ ಬಂತು. ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದಾರೆ, ಅಟ್ಟದಿಂದ ಟ್ರಂಕು ಇಳಿಸಿದ್ದಾರೆ, "ನೀವು ಬಂದು ನೋಡಿದರೆ ಒಳ್ಳೆಯದಿತ್ತು" ಎಂದ. ಗೂಡಿನಿಂದ ಕೀಲಿಕೈ ತೆಗೆದುಕೊಂಡು ಹೋದೆ. ಟ್ರಂಕಿಗೆ ಬೀಗವೇ ಇರಲಿಲ್ಲ. ಚಿಲಕವನ್ನು ಎಂದೋ ಸುತ್ತಿಗೆಯಲ್ಲಿ ಹೊಡೆದು ತೆಗೆದಿದ್ದ ಗುರುತು ಮಾತ್ರ ತಗಡಿನ ಮೇಲಿತ್ತು.

ರಾಮನ ಪಟದ ಗಾಜು ಒಡೆದಿತ್ತು. ತಾಳಗಳು ಹಸಿರುಗಟ್ಟಿದ್ದವು. ರಸೀದಿ ಪುಸ್ತಕದಲ್ಲಿ ನಾಲ್ಕಾಣೆ, ಎಂಟಾಣೆ ಚಂದಾದ ಲೆಕ್ಕ. ಅದರ ಕೆಳಗೆ ಹಾಡಿನ ಪುಸ್ತಕ, ಉದ್ದ ಅಳತೆಯ ಲೆಕ್ಕದ ಪುಸ್ತಕದಲ್ಲಿ ಮಸಿಯಿಂದ ಬರೆದದ್ದು. ದಾಸರ ಪದಗಳು, ಮಂಗಳಾರತಿಯ ಹಾಡುಗಳು. ಬರವಣಿಗೆ ಮೂರು ಕೈಯದು. ದುಂಡಗಿನ ಅಕ್ಷರ ಮೇಷ್ಟ್ರದ್ದಿರಬೇಕು. ಉಳಿದೆರಡರಲ್ಲಿ ತಾತನದು ಯಾವುದು ಎಂದು ನಾನು ಹೇಳಲಾರದೆ ಹೋದೆ, ಅವನ ತಾತನದು ಯಾವುದು ಎಂದು ಅವನೂ ಹೇಳಲಾರದೆ ಹೋದ. ಒಂದು ಕೀರ್ತನೆಯ ಪಲ್ಲವಿ ಒಂದು ಕೈಯಲ್ಲಿ, ಚರಣಗಳು ಇನ್ನೊಂದು ಕೈಯಲ್ಲಿ.

ಇಬ್ಬರೂ ಅವನ ಸ್ಕೂಟರಿನಲ್ಲಿ ಗಾಂಧಿ ಬಜಾರಿಗೆ ಹೋಗಿ ಎರಡು ಪ್ರತಿ ಜೆರಾಕ್ಸ್ ಮಾಡಿಸಿದೆವು. ಅಂಗಡಿಯ ಹುಡುಗ ಹಳೆಯ ಹಾಳೆ ಹರಿದೀತೆಂದು ಒಂದೊಂದನ್ನೂ ಎರಡೂ ಕೈಯಲ್ಲಿ ಹಿಡಿದು ಗಾಜಿನ ಮೇಲೆ ಇಟ್ಟ. ಮುಗಿಯುವಾಗ ಕತ್ತಲಾಗಿತ್ತು.